ಪರದೆಯ ಹಿಂದೆ ಉಳಿದ ಜವಾಬು

ಮುದ್ದೇಬಿಹಾಳದ ಶಾಲಾ ಮೈದಾನದಲ್ಲಿ ಇನ್ನೂ ಸೂರ್ಯ ಮೂಡಿಲ್ಲ. ಖಂಡೆಪ್ಪ ಗಳದ ತುದಿಯಲ್ಲಿ ಕಾಲು ಹೆಣೆದು ಕುಳಿತು ಬಿಳಿ ಪರದೆಯ ಹಗ್ಗ ಎಳೆಯುತ್ತಿದ್ದಾರೆ. ಗಾಳಿಗೆ ಪರದೆ ಉಬ್ಬುತ್ತದೆ. "ಉಬ್ಬಿದ್ರ ಮಾರಿ ಸೊಟ್ಟ ಕಾಣ್ತೈತ್ರಿ. ನಮ್ಮ ಇಸ್ಮಾಯಿಲಂದು ಸೊಟ್ಟ ಮಾರಿ ಅಲ್ಲ," ಎನ್ನುತ್ತ, ಪರದೆಯಲ್ಲಿ ಗೆಳೆಯನ ಮುಖ ನೇರ ಬರಲೆಂದು ಇನ್ನೊಂದು ಗಂಟು ಬಿಗಿಯುತ್ತಾರೆ.

ಇಂಡಿ ತಾಲ್ಲೂಕಿನ ಅಗರಖೇಡದ ಖಂಡೆಪ್ಪ ಹರೆಯದಿಂದಲೂ ಮದುವೆ, ಸಭೆಗಳಿಗೆ ಪೆಂಡಾಲು ಹಾಕುವವರು. ಕಳೆದ ಚಳಿಗಾಲದಿಂದ ‘ಒಂದೇ ಕೂಸು’ ಎಂಬ ಗೀತನಾಟಕದ ಮೂರು ಪರದೆಗಳನ್ನು ಊರಿಂದೂರಿಗೆ ಒಯ್ದು ಕಟ್ಟುತ್ತಿದ್ದಾರೆ. ದೇವರು ಕೇಳಿದನೆಂದು ಮಗನನ್ನೇ ಕೊಡಲು ಹೊರಟ ತಂದೆಯ ಕಥೆ ಅದು. ಮುಸ್ಲಿಮರ ಮನೆಗಳಲ್ಲಿ ಆ ತಂದೆ ಇಬ್ರಾಹಿಂ. ಶರಣರ ಮನೆಗಳಲ್ಲಿ ಸಿರಿಯಾಳ. ಎರಡರಲ್ಲೂ ಕೊನೆಗೆ ಮಗ ತಂದೆಯ ಕೈಸೇರುತ್ತಾನೆ. ವೇದಿಕೆಯಲ್ಲಿ ಗಾಯಕರು ಹಾಡಿದಂತೆ, ಪರದೆಗಳ ಮೇಲೆ ಮೂಡುವ ವಿಡಿಯೊದಲ್ಲಿ ಈ ಭಾಗದ ಜನ ತಮಗೆ ಗೊತ್ತಿದ್ದಂತೆ ಆ ಕಥೆ ಹೇಳುತ್ತಾರೆ.

ನಡುವಿನ ಪರದೆಯಲ್ಲಿ ಹಾಡುವವರು ಇಸ್ಮಾಯಿಲ. ಖಂಡೆಪ್ಪ ಅವರ ಜೋಡಿ ಹಾಡುಗಾರ. ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ಹಾಡುವ ರಿವಾಯತ ಪದಗಳಿಗೆ ಇಬ್ಬರೂ ಎದುರುಬದುರು ನಿಲ್ಲುತ್ತಿದ್ದರು. ಇಸ್ಮಾಯಿಲ ಇಬ್ರಾಹಿಮನ ಸಂಕಟ ಹಾಡಿ ಸವಾಲು ಎತ್ತಿದರೆ, ಖಂಡೆಪ್ಪ ಸಿರಿಯಾಳನ ಹೆಂಡತಿಯಾಗಿ ಜವಾಬು ಕೊಡುತ್ತಿದ್ದರು. "ಅಂವ ಅಪ್ಪ, ನಾ ಅವ್ವ. ಜಗಳಾಡಿದಂಗ ಹಾಡತಿದ್ವಿ, ಆಮ್ಯಾಲ ಕೂಡಿ ಚಾ ಕುಡೀತಿದ್ವಿ."

ನಾಟಕದ ನಿರ್ದೇಶಕಿ ಜಯಮಾಲಾ ಇವರ ಹಾಡು ಚಿತ್ರೀಕರಿಸಲು ಅಗರಖೇಡಕ್ಕೆ ಕ್ಯಾಮೆರಾ ತಂದ ದಿನ ಖಂಡೆಪ್ಪ ಮಸೂತಿ ಎಂಬ ಊರಿನಲ್ಲಿ ಮದುವೆಯ ಪೆಂಡಾಲು ಹಾಕುತ್ತಿದ್ದರು. ಇಸ್ಮಾಯಿಲ ಫೋನು ಮಾಡಿದರು. "‘ಬಾರೋ ಖಂಡೂ, ನೀ ಇಲ್ದ ಪದ ಅರ್ಧಾ ಆಗ್ತೈತಿ’ ಅಂದ. ಇವತ್ತ ನಿಂದಷ್ಟ ಹಾಡು, ನಾಳಿ ಬರ್ತೇನಿ ಅಂದ್ನಿ. ನಾಳಿ ಅನ್ನೂದು ನನ್ನ ಕೈಯಾಗ ಐತಿ ಅಂತ ತಿಳದಿದ್ನಿ." ಮರುದಿನ ಬೆಳಿಗ್ಗೆ ಊರಿಗೆ ಹೊರಡುವಷ್ಟರಲ್ಲಿ ಸುದ್ದಿ ಬಂತು. ಎದೆನೋವೆಂದು ಮಲಗಿದ ಇಸ್ಮಾಯಿಲ ಏಳಲೇ ಇಲ್ಲ.

ಮುಂದೆ ಜಯಮಾಲಾ ಖಂಡೆಪ್ಪನವರನ್ನು ಮೈಕಿನ ಮುಂದೆ ಕೂರಿಸಿ ಹೆಡ್‌ಫೋನ್ ಹಾಕಿದರು. ಗೆಳೆಯನ ಸವಾಲು ಕಿವಿಯಲ್ಲಿ ಮುಗಿಯಿತು. ಇವರು ಅದನ್ನು ಕಿವಿಯಿಂದ ತೆಗೆದಿಟ್ಟರು. "ಅಂವ ಕಣ್ಣಾಗ ಕಣ್ಣಿಟ್ಟು ಹಾಡಂವ್ರಿ. ಗ್ವಾಡಿ ನೋಡ್ಕೋತ ಯಾರಿಗಿ ಜವಾಬು ಕೊಡ್ಲಿ?" ಎದ್ದು ಹೊರಗೆ ಬಂದುಬಿಟ್ಟರು. ಈಗ ಆ ಜಾಗದಲ್ಲಿ ಪಿಟೀಲು ನುಡಿಯುತ್ತದೆ. ಅಲ್ಲೊಂದು ದನಿ ಇರಬೇಕಿತ್ತೆಂದು ನೋಡುವವರಿಗೆ ಗೊತ್ತಾಗುವುದಿಲ್ಲ.

ಪರದೆ ಕಟ್ಟುವ ಕೆಲಸವನ್ನು ಅವರೇ ಕೇಳಿ ಪಡೆದರು. ಬಸವನ ಬಾಗೇವಾಡಿಯಲ್ಲೂ ಸಿಂದಗಿಯಲ್ಲೂ ಪ್ರದರ್ಶನದುದ್ದಕ್ಕೂ ಹಗ್ಗ ಹಿಡಿದು ಹಿಂದೆಯೇ ನಿಂತರು. ಅಲ್ಲಿಂದ ಇಸ್ಮಾಯಿಲರ ಮುಖ ಎಡಬಲ ಅದಲುಬದಲಾಗಿ ಕಾಣುತ್ತದೆ. ಸಿಂದಗಿಯಲ್ಲಿ ನಾನು ಪಕ್ಕದಲ್ಲಿದ್ದೆ. ಪಿಟೀಲು ಶುರುವಾದೊಡನೆ ಖಂಡೆಪ್ಪ ಸಣ್ಣ ದನಿಯಲ್ಲಿ ತಾಯಿಯ ಪದ ಪೂರ್ತಿ ಹಾಡಿದರು.

"ಈಗ ರೆಕಾರ್ಡ್ ಮಾಡಿಸಬಹುದಲ್ಲ?" ಎಂದೆ.

"ಈಗ ಬರ್ತೈತ್ರಿ. ಅವತ್ತ ಬರಬೇಕಿತ್ತು."

ಇಸ್ಮಾಯಿಲರ ಹೆಂಡತಿ ಸಗೀರಾ ಇದುವರೆಗೆ ಪ್ರದರ್ಶನ ನೋಡಿಲ್ಲ. ಇಂಡಿಯ ಪ್ರದರ್ಶನಕ್ಕೆ ಖಂಡೆಪ್ಪ ಕರೆದಾಗ, "ಅವ್ರ ಪದ ನಾ ಅಡಗಿಮನ್ಯಾಗ ನಿಂತು ಕೇಳಿದಾಕಿ, ಖಂಡೆಪ್ಪಾ. ಪರ ಊರಾಗ, ಮಂದ್ಯಾಗ ಕುಂತು ನೋಡೂದು ನನ್ನಿಂದ ಆಗಂಗಿಲ್ಲ," ಎಂದರಂತೆ. ಅದಕ್ಕೇ ಅಗರಖೇಡದಲ್ಲೊಂದು ಪ್ರದರ್ಶನವಾಗಲಿ ಎಂದು ಖಂಡೆಪ್ಪ ಜಯಮಾಲಾ ಅವರ ಬೆನ್ನು ಹತ್ತಿದ್ದಾರೆ.

"ಅವತ್ತ ಹಗ್ಗ ಬ್ಯಾರೇದವ್ರು ಹಿಡೀಲಿ. ನಮ್ಮ ಸಗೀರಾ ವೈನಿ ಮುಂದ ಕುಂತ್ರ, ಜವಾಬು ಕೊಡಾಕ ನನಗೂ ಒಂದು ಮಾರಿ ಸಿಗ್ತೈತ್ರಿ."