ನಾನು ಮಂಗಳನಾದ ಸಂಜೆ

ನಾನು ಚಿಕ್ಕವನಿದ್ದಾಗ, ಅಂದರೆ ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದಾಗ, ಮಂಗಸೂಳಿಯ ನಮ್ಮ ಮನೆಯಲ್ಲಿ ಆಕಾಶದ ಗ್ರಹವೊಂದು ಜಗಳ ಹಚ್ಚಿತ್ತು. ನಗಬೇಡಿ. ಅವತ್ತು ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಅಕ್ಕ ಖೋ ಖೋ ತಂಡಕ್ಕೆ ಆಯ್ಕೆಯಾಗಿದ್ದಳು. ಮರುದಿನ ಬೆಳಿಗ್ಗೆ ತಂಡದ ಜೀಪು ಪಂದ್ಯಕ್ಕೆಂದು ಅಥಣಿಗೆ ಹೊರಡುವುದಿತ್ತು. ಆದರೆ ಪಂಚಾಂಗ ನೋಡುವ ಅಯ್ಯನವರು, ಮಂಗಳ ವಕ್ರಿಯಾಗಿದ್ದಾನೆ, ಹಿಮ್ಮುಖವಾಗಿ ನಡೆದಿದ್ದಾನೆ, ಈಗ ಪ್ರಯಾಣ ಮಾಡಿದರೆ ರಕ್ತ ಕಾಣಬೇಕಾಗುತ್ತದೆ ಎಂದು ಅಪ್ಪನಿಗೆ ಹೇಳಿಬಿಟ್ಟಿದ್ದರು. ಅಪ್ಪ ಕೆಟ್ಟವರಲ್ಲ, ಹೆದರಿದ್ದರು. ಹೆದರಿದ ಅಪ್ಪಂದಿರ ಹಟ ಬಹಳ ಗಟ್ಟಿ.

"ಅಂವಾ ಸೀದಾ ಆಗೂತನಕ ನೀ ಮನೀ ಬಿಟ್ಟು ಹೋಗೂದು ಬ್ಯಾಡ," ಎಂದರು.

ಅಕ್ಕ ಅಳಲಿಲ್ಲ. "ಅಪ್ಪಾ, ಒಂದ ಸಲ ಹೊಲಕ್ಕ ಬರ್ರಿ. ನೋಡಿದ ಮ್ಯಾಲೂ ಬ್ಯಾಡ ಅಂದ್ರ ನಾ ಹೋಗೂದಿಲ್ಲ," ಎಂದಳು.

ಸಂಜೆ ಕರೆಂಟು ಹೋಗಿ ಊರೆಲ್ಲ ಕತ್ತಲಾಗಿತ್ತು. ಕಬ್ಬು ಕಡಿದ ಹೊಲದ ತುಂಬ ರವದಿಯ, ಒಣಗಿದ ಸೋಗೆಯ ವಾಸನೆ. ದೂರದಲ್ಲಿ ಸಕ್ಕರೆ ಕಾರ್ಖಾನೆಯ ದೀಪಗಳ ಸಾಲು ಮಾತ್ರ ಉರಿಯುತ್ತಿತ್ತು. ಮೂಡಣದಲ್ಲಿ ಕೆಂಪಗೆ ಮಂಗಳ. ದಸರೆಗೆ ಮುಂಚೆ ಕೃತ್ತಿಕೆಯ ಗೊಂಚಲಿನ ಕಡೆಗೆ ಹೊರಟಿದ್ದವನು ಈಗ ಅದರಿಂದ ದೂರ ಹಿಂದಕ್ಕೆ ಸರಿದಿದ್ದ. ಅದು ನನ್ನ ಕಣ್ಣಿಗೇ ಕಂಡಿತ್ತು. ಅಯ್ಯನವರು ಸುಳ್ಳು ಹೇಳಿರಲಿಲ್ಲವಲ್ಲ!

ಅಕ್ಕ ನನ್ನ ಕೈಗೆ ಕಂದೀಲು ಕೊಟ್ಟು ಆಚೆಯ ಬದುವಿಗೆ ಅಟ್ಟಿದಳು. "ನೀನ ಮಂಗಳ. ಸಾವಕಾಶ ಮುಂದ ನಡಿ. ಏನಾದ್ರೂ ನಿಲ್ಲಬ್ಯಾಡ." ಅವಳೂ ಅಪ್ಪನೂ ಭೂಮಿ. ಅವರು ಈಚೆಯ ಬದುವಿನ ಮೇಲೆ, ನನ್ನ ಹಿಂದಿನಿಂದ ಹೊರಟು ಬಿರಬಿರನೆ ಬರಬೇಕು. ನನ್ನ ಕಂದೀಲು ಅದರಾಚೆಗಿನ ಕಾರ್ಖಾನೆಯ ದೀಪಗಳ ಸಾಲಿನಲ್ಲಿ ಎತ್ತ ಸರಿಯುತ್ತದೆ ಎಂದು ಅಪ್ಪ ನೋಡಬೇಕು.

ನಡೆದೆ. ರವದಿಯಲ್ಲಿ ಏನೋ ಸರಕ್ಕನೆ ಸರಿಯಿತು. ಹಾವೇ ಇರಬೇಕು. ನಿಂತರೆ ಅಕ್ಕನ ಆಟ ಮುಗಿಯಿತು ಎಂದುಕೊಂಡು, ಕಂದೀಲು ಎತ್ತಿ ಹಿಡಿದು ನಡೆದೆ.

"ಲೇ ತಮ್ಮಾ! ಹಿಂದಕ್ಕ ಯಾಕ ಹೊಂಟೀ?" ಅಪ್ಪ ಕೂಗಿದರು.

"ಇಲ್ರೀ ಅಪ್ಪಾ! ಮುಂದ ಬರಾಕತ್ತೀನ್ರಿ!" ನನ್ನ ದನಿಯಲ್ಲಿ ಅಳು ಬಂದಿತ್ತು.

ಅಪ್ಪ ಗಕ್ಕನೆ ನಿಂತರು. ಅವರು ನಿಂತಾಗ ಕಂದೀಲು ಮುಂದೆ ಹೋಯಿತಂತೆ. ಮತ್ತೆ ಬಿರಬಿರನೆ ನಡೆದರು, ಹಿಂದೆ ಸರಿಯಿತಂತೆ. ನನ್ನನ್ನು ಬದುವಿನ ಆ ತುದಿಯಿಂದ ಮತ್ತೊಮ್ಮೆ ನಡೆಸಿದರು.

ನಾನು ಅವರ ಬಳಿಗೆ ಬಂದ ಮೇಲೆ ಅಕ್ಕ ಶಾಲೆಯಲ್ಲಿ ಕೇಳಿದ್ದನ್ನು ಮೆಲ್ಲಗೆ ಹೇಳತೊಡಗಿದಳು. ಹಿಂದಿನ ಕಾಲದ ದೊಡ್ಡ ದೊಡ್ಡವರೂ ಇದನ್ನು ನೋಡಿ ತಲೆ ಕೆಡಿಸಿಕೊಂಡಿದ್ದರಂತೆ. ಭೂಮಿ ನಡುವೆ ಅಲ್ಲಾಡದೆ ನಿಂತಿದೆ ಎಂದು ನಂಬಿ, ಗ್ರಹಗಳು ದೊಡ್ಡ ಚಕ್ರದ ಮೇಲೊಂದು ಸಣ್ಣ ಚಕ್ರ ಹಾಕಿಕೊಂಡು ಸುತ್ತುತ್ತವೆ ಎಂದು ಲೆಕ್ಕ ಕಟ್ಟಿದ್ದರಂತೆ. ಎಷ್ಟೋ ಶತಮಾನಗಳ ಮೇಲೆ ಒಬ್ಬರು ಸೂರ್ಯನನ್ನು ನಡುವೆ ಇಟ್ಟು ನೋಡಿ, ಭೂಮಿಯೂ ಮಂಗಳನಿಗಿಂತ ಒಳಗಿನ ದಾರಿಯಲ್ಲಿ ಬಿರಬಿರನೆ ಸುತ್ತುತ್ತದೆ ಎಂದರಂತೆ. ಆಮೇಲೆ ಇನ್ನೊಬ್ಬರು ಈ ಮಂಗಳನ ಬೆನ್ನು ಬಿದ್ದು, ಅವನ ದಾರಿ ಪೂರಾ ದುಂಡಗಿಲ್ಲ, ತುಸು ಉದ್ದಕ್ಕೆ ಎಳೆದಂತಿದೆ ಎಂದು ಕಂಡುಹಿಡಿದರಂತೆ.

ಅಪ್ಪ ತಲೆಯೆತ್ತಿ ಮತ್ತೆ ಮಂಗಳನನ್ನು ನೋಡಿದರು. ಅಕ್ಕ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳು ನೋಯುತ್ತಿತ್ತು.

"ಹಂಗಾದ್ರ ಅಂವಾ ತಿರುಗಿಲ್ಲ," ಎಂದರು ಅಪ್ಪ ಕೊನೆಗೆ. "ನಾವ ಅವನ್ನ ದಾಟಾಕತ್ತೀವಿ." ಮನೆಯ ಕಡೆ ತಿರುಗುತ್ತ ಕೇಳಿದರು, "ಮುಂಜಾನೆ ಜೀಪ ಎಷ್ಟಕ್ಕ ಐತಿ?"

ಅಕ್ಕ ಪಂದ್ಯ ಸೋತು ಬಂದಳು. ಬಿದ್ದು ಮೊಣಕಾಲು ತರಚಿ ರಕ್ತ ಬಂದಿತ್ತು. ಇನ್ನೇನು ಅಯ್ಯನವರ ಮಾತು ಬರುತ್ತದೆಂದು ಅಪ್ಪನ ಮುಖ ನೋಡಿದೆ. ಅವರು ಅರಿಷಿಣ ಹಚ್ಚುತ್ತ, "ಮೈದಾನ ಭಾಳ ಗಟ್ಟಿ ಇತ್ತೇನ?" ಎಂದಷ್ಟೇ ಕೇಳಿದರು. ಅಪ್ಪನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.

ಮಕ್ಕಳೇ, ನೀವು ಮಂಗಳನ ಮೇಲಿನ ಕಲ್ಲುಮಣ್ಣನ್ನು ಊಟ ಮಾಡುತ್ತ ಪರದೆಯಲ್ಲಿ ನೋಡುತ್ತೀರಿ, ಬೇಸರ ಬಂದರೆ ಬೆರಳಿನಿಂದ ಆಚೆ ಸರಿಸುತ್ತೀರಿ. ಆಟಕ್ಕೆ ಹೊರಟರೆ ಚೀಲ ಹೆಗಲಿಗೇರಿಸಿ "ಹೋಗಿ ಬರ್ತೀನಿ" ಅಂದರೆ ಮುಗಿಯಿತು. ನನ್ನ ಅಕ್ಕ ಮಾತ್ರ ಅಥಣಿಯ ಮೈದಾನ ಮುಟ್ಟಲು ಮೊದಲು ಮಂಗಳನನ್ನೇ ದಾಟಬೇಕಾಗಿತ್ತು.