ಮಾವನವರ ಮಂಚ ಅಡುಗೆಮನೆಗೆ ಬಂದದ್ದು

ನಾನು ಮನೆ ರಿಪೇರಿ ಮಾಡಿಸಿದ್ದು ಪರಿಸರದ ಮೇಲಿನ ಪ್ರೀತಿಗೆ ಎಂದು ನಮ್ಮ ಶಾಲೆಯಲ್ಲಿ ಎಲ್ಲರೂ ನಂಬಿದ್ದಾರೆ. ಮುಖ್ಯೋಪಾಧ್ಯಾಯರು ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಮುಂದೆ ಹೊಗಳಿದರು. ತಲೆ ತಗ್ಗಿಸಿ ನಿಂತೆ. ಅದನ್ನು ವಿನಯ ಎಂದುಕೊಂಡರು. ಖರೇ ಹೇಳಬೇಕೆಂದರೆ ನಾನದನ್ನು ಮಾಡಿಸಿದ್ದು ಸೇಡಿಗೆ. ಕರೆಂಟು ಉಳಿದದ್ದು ಆಮೇಲಿನ ಮಾತು.

ಹಾವೇರಿಯ ಹಳೆಯ ಓಣಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಎರಡಡಿ ದಪ್ಪದ ಗೋಡೆ, ಸಾಗವಾನಿ ಜಂತಿ, ಮೇಲೆ ಮಣ್ಣು. ಇಂಥ ಮನೆ ಬೇಸಿಗೆಯಲ್ಲಿ ತಂಪಾಗಿರಬೇಕು. ಪಡಸಾಲೆ ಹಾಗೇ ಇತ್ತು: ಮೂರು ಕಿಟಕಿ, ಬೀದಿಯ ಗಾಳಿ, ನಡುವೆ ಮಾವನವರ ಮಂಚ. ಅಡುಗೆಮನೆಗೆ ಒಂದೂ ಕಿಟಕಿ ಇರಲಿಲ್ಲ. ಹೊಗೆ ಹೋಗಲೆಂದು ಮಾಳಿಗೆಯಲ್ಲೊಂದು ಬೆಳಕಿಂಡಿ ಇತ್ತು. ಗ್ಯಾಸ್ ಬಂದ ವರ್ಷ, ಇನ್ನು ಹೊಗೆ ಎಲ್ಲಿದೆ, ಸುಮ್ಮನೆ ಮಳೆ ಸೋರುತ್ತದೆ ಎಂದು ಮಾವನವರು ಅದಕ್ಕೂ ತಗಡು ಹೊಡೆಸಿದರು. ಅಂದಿನಿಂದ ಮಟಮಟ ಮಧ್ಯಾಹ್ನವೂ ಅಲ್ಲಿ ಬಲ್ಬು ಬೇಕು. ಒಲೆ ಹಚ್ಚಿದರೆ ಫ್ಯಾನು ಹಾಕುವಂತಿಲ್ಲ, ಉರಿ ಆರುತ್ತದೆ.

ಮದುವೆಯಾದ ಹೊಸತರಲ್ಲಿ ಒಮ್ಮೆ, ಒಂದೇ ಒಮ್ಮೆ, ಇಲ್ಲೊಂದು ಕಿಟಕಿ ಮಾಡಿಸಬಹುದಲ್ಲ ಎಂದು ಕೇಳಿದ್ದೆ. ಹೊರಗಿನವರ ಕಣ್ಣು ಮನೆಯ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ ಎಂದರು ಮಾವನವರು, ಪೇಪರಿನಿಂದ ತಲೆ ಎತ್ತದೆ. ಪಕ್ಕದಲ್ಲೇ ನಿಂತಿದ್ದ ಅತ್ತೆ ತುಟಿ ಪಿಟಕ್ಕೆನ್ನಲಿಲ್ಲ. ಇಬ್ಬರ ಮೇಲೂ ಅಂದೇ ಹಲ್ಲು ಕಡಿದೆ. ಅತ್ತೆ ಕೆಮ್ಮಿ ಕೆಮ್ಮಿ ಸತ್ತಾಗಲೂ ನನ್ನ ಸಿಟ್ಟು ಪೂರ್ತಿ ಇಳಿದಿರಲಿಲ್ಲ.

ಬ್ಯಾಡಗಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಬಿಸಿ ಗಾಳಿ ಮೇಲೇರುತ್ತದೆ, ಹೊರಗೆ ಹೋಗಲು ಅದಕ್ಕೆ ದಾರಿ ಬೇಕು ಎಂದು ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬಾಣ ಗುರುತು ಬರೆದಿದ್ದೇನೆ. ಸಂಜೆ ಬಸ್ಸು ಹಿಡಿದು ಬಂದು, ಗಾಳಿಗೆ ದಾರಿಯೇ ಇಲ್ಲದ ಕೋಣೆಯಲ್ಲಿ ರೊಟ್ಟಿ ಬಡಿದಿದ್ದೇನೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಒಮ್ಮೆ ಮಕ್ಕಳಿಗೆ, ನಿಮ್ಮ ಮನೆಯಲ್ಲಿ ಕರೆಂಟು ಎಲ್ಲಿ ಪೋಲಾಗುತ್ತದೆ ಬರೆದುಕೊಂಡು ಬನ್ನಿ ಎಂದು ಹೇಳಿ ನಾನೂ ಬರೆಯಲು ಕುಳಿತೆ. ಅಡುಗೆಮನೆಯ ಬಲ್ಬು, ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ. ಅದಕ್ಕಾಗಿ ಎಲ್ಲೋ ಕಲ್ಲಿದ್ದಲು ಸುಡುತ್ತಿತ್ತು, ಆ ಬಲ್ಬಿನ ಕೆಳಗೆ ನಾನು ಸುಡುತ್ತಿದ್ದೆ.

ಹೋದ ಬೇಸಿಗೆಯಲ್ಲಿ ನನ್ನ ಗಂಡ ಮಲಗುವ ಕೋಣೆಗೆ ಏಸಿ ಹಾಕಿಸುವ ಮಾತು ತೆಗೆದರು. ಅವರದು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಅಕ್ಕಪಕ್ಕದ ಅಂಗಡಿಯವರೆಲ್ಲ ಹಾಕಿಸಿದ್ದರು. ಏಸಿ ಬೇಡ, ನನ್ನ ಪಗಾರದಲ್ಲಿ ಮನೆಯನ್ನೇ ತಂಪು ಮಾಡಿಸುತ್ತೇನೆ ಎಂದೆ. ಹಳೆಯ ಮನೆ ಕಟ್ಟುವ ಕೆಲಸ ಗೊತ್ತಿದ್ದ ಒಬ್ಬ ಗೌಂಡಿಯನ್ನು ಹುಡುಕಿ ಕೆಲಸದ ಪಟ್ಟಿ ಬರೆಸಿದೆ. ಹುಳ ಹಿಡಿದ ಜಂತಿ ಬದಲಿಸುವುದು, ಹಳೆಯ ಮಣ್ಣು ತೆಗೆದು ನೀರು ಇಳಿಯಗೊಡದ ಕರಲು ಮಣ್ಣು ಹಾಕುವುದು, ಬಿಸಿಲು ಹೀರದಂತೆ ಮೇಲೆ ಸುಣ್ಣ ಬಳಿಯುವುದು, ಬೆಳಕಿಂಡಿಯ ತಗಡು ಕೀಳುವುದು. ಅಡುಗೆಮನೆಯ ಕಿಟಕಿಯನ್ನು ಕೊನೆಗೆ ಬರೆಸಿದೆ. ಪಡಸಾಲೆಯನ್ನು ಎಲ್ಲಕ್ಕಿಂತ ಮೊದಲು ಬರೆಸಿದೆ. ಯುಗಾದಿ ಮುಗಿದ ವಾರವೇ ಮಾವನವರ ತಲೆಯ ಮೇಲಿನ ಮಾಳಿಗೆ ಬಿಚ್ಚಿಸಿದೆ.

ಮಾವನವರ ಮಂಚ ಎಲ್ಲಿ ಹಾಕುವುದು? ನಮ್ಮ ಕೋಣೆಯಲ್ಲಿ ಎಂದರು ನನ್ನ ಗಂಡ. ಅಲ್ಲಿ ಸುಣ್ಣದ ಚೀಲ ಇಳಿಸಿಯಾಗಿದೆ ಎಂದೆ. ಇಳಿಸಿದ್ದು ನಾನೇ, ಬೇಕೆಂದೇ. ಹೀಗೆ ಎಂಬತ್ತೆರಡರ ಮಾವನವರು ತಮ್ಮ ಜೀವಮಾನದಲ್ಲಿ ಮೊದಲ ಸಲ ಅಡುಗೆಮನೆಯಲ್ಲಿ ಹಗಲು ಕಳೆಯಲು ಬಂದರು.

ಶಾಲೆಗೆ ರಜೆ ಇತ್ತು. ನಾನೂ ಹಗಲಿಡೀ ಅಲ್ಲೇ ಇದ್ದೆ. ದಿನಕ್ಕೆ ಹತ್ತು ರೊಟ್ಟಿ ಸಾಕಾಗುವ ಮನೆಯಲ್ಲಿ ಮಳೆಗಾಲಕ್ಕಿರಲಿ ಎಂದು ಕಡಕ್ ರೊಟ್ಟಿ ಬಡಿಯಲು ಕುಳಿತೆ. ಕಡಕ್ ರೊಟ್ಟಿಗೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಹೆಂಚು ಕಾಯಬೇಕು. ನನ್ನ ತವರು ಬ್ಯಾಡಗಿ. ನಮ್ಮೂರ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಕಾದ ಎಣ್ಣೆಯಲ್ಲಿ ನಾಲ್ಕು ಹೆಚ್ಚಿಗೆ ಸುಟ್ಟು, ಬಾಗಿಲು ಅರ್ಧ ಮುಂದೆ ಮಾಡಿ ನೋಡಬೇಕು ಅಂಥವರು. ಮಾವನವರು ಕೆಮ್ಮಿದರು, ಬನಿಯನ್ ಹಿಂಡುವಷ್ಟು ಬೆವತರು, ಪೇಪರಿನಿಂದ ಗಾಳಿ ಬೀಸಿಕೊಂಡರು. ನನಗೆ ಕರುಣೆ ಬರಲಿಲ್ಲ. ಸಂತೋಷವಾಯಿತು, ಹಬ್ಬದ ದಿನ ಆಗುವಂಥ ಸಂತೋಷ.

ಐದನೆಯ ದಿನ ಅವರಾಗಿಯೇ ಬಾಯಿ ಬಿಟ್ಟರು. "ಇಲ್ಲೊಂದು ಕಿಟಕಿ ಇದ್ದಿದ್ರ ಚೊಲೋ ಇತ್ತವಾ."

"ಹೊರಗಿನವರ ಕಣ್ಣು ಬೀಳತಾವಲ್ರೀ ಮಾವಾರ," ಎಂದೆ, ರೊಟ್ಟಿ ತಿರುವಿ ಹಾಕುತ್ತ.

ಅವರು ಹಿತ್ತಲ ಗೋಡೆಯ ಕಡೆ ತಿರುಗಿ ಮಲಗಿದರು. ಇನ್ನೂ ಮೂರು ದಿನ ಸತಾಯಿಸಿ ಗೌಂಡಿಯನ್ನು ಒಳಗೆ ಕರೆದೆ.

ಹಿತ್ತಲ ಕಡೆಯ ಗೋಡೆಗೆ ಅವನು ಸುತ್ತಿಗೆಯಿಂದ ಬಡಿದು ನೋಡಿದ. ಒಂದು ಕಡೆ ಸಪ್ಪಳ ಬೇರೆಯಾಗಿತ್ತು. ಗಿಲಾವು ಕಿತ್ತಾಗ ಒಳಗೆ ಕಟ್ಟಿಗೆ ಕಂಡಿತು. ಇಟ್ಟಿಗೆ ತುಂಬಿ ಮುಚ್ಚಿದ್ದ ಹಳೆಯ ಕಿಟಕಿಯ ಚೌಕಟ್ಟು. ನಾನು ಮಾವನವರ ಕಡೆ ತಿರುಗಿದೆ.

"ಅಲ್ಲಿ ನಿಂತ್ರ ಗಳಗನಾಥದ ದಾರಿ ಕಾಣತಿತ್ತು," ಎಂದರು ಅವರು. ಗಳಗನಾಥ ಅತ್ತೆಯ ತವರೂರು. "ನಿಮ್ಮತ್ತಿ ಹೊಸದಾಗಿ ಬಂದಾಗ ದಿನಾ ಅಲ್ಲೇ ನಿಂತು ಅಳತಿದ್ಲು. ನನಗ ನೋಡಾಕ ಆಗಲಿಲ್ಲ. ಅದಕ್ಕ ಮುಚ್ಚಿಸಿದೆ."

ಅವರ ದನಿ ಮೆತ್ತಗಾಗಿತ್ತು. ನಾನೂ ಮೆತ್ತಗಾಗುತ್ತೇನೆ ಎಂದುಕೊಂಡಿದ್ದರೋ ಏನೋ.

"ಮುಚ್ಚಿಸಿದ ಮ್ಯಾಲ ಅಳೂದು ನಿಂತಿತೇನ್ರಿ?"

ಸುಳ್ಳು ಹೇಳಲಿಲ್ಲ, ಅಷ್ಟು ಮಟ್ಟಿಗೆ ಮೆಚ್ಚಬೇಕು.

"ನನಗ ಕಾಣಲಿಲ್ಲವಾ," ಎಂದರು.

ನಲವತ್ತು ವರ್ಷಕ್ಕೂ ಮಿಕ್ಕಿ ಆ ಹೆಂಗಸು ಮುಚ್ಚಿದ ಕಿಟಕಿಯ ಮುಂದೆ ಕೂತು ಒಲೆ ಊದಿದ್ದಳು. ನಾನು ಕಿಟಕಿ ಕೇಳಿದ ದಿನ ಅವಳು ಯಾಕೆ ಮಾತಾಡಲಿಲ್ಲ ಎಂದು ಈಗ ತಿಳಿಯಿತು. ಅವಳ ಮೇಲೆ ಇಷ್ಟು ವರ್ಷ ಇಟ್ಟುಕೊಂಡಿದ್ದ ಸಿಟ್ಟನ್ನೂ ತೆಗೆದು ಮಾವನವರ ಮೇಲೇ ಹಾಕಿದೆ. ಅದು ಅವರದೇ ಆಗಿತ್ತು.

ಗೌಂಡಿ ಎಲ್ಲಿಂದ ಒಡೆಯಲಿ ಎಂದು ರೂಢಿಯಂತೆ ಮಾವನವರನ್ನು ಕೇಳಿದ. ಅವರು ನನ್ನ ಕಡೆ ಕೈ ತೋರಿಸಿದರು. ನೆಲದಿಂದ ಒಂದು ಮೊಳ ಬಿಟ್ಟು ಒಡೆ, ಮಣೆಯ ಮೇಲೆ ಕೂತವರಿಗೂ ದಾರಿ ಕಾಣಬೇಕು ಎಂದೆ.

ಎರಡು ದಿನಕ್ಕೆ ಕಿಟಕಿ ಕೂತಿತು, ಮೇಲಿನ ಬೆಳಕಿಂಡಿಯೂ ತೆರೆಯಿತು. ಸಂಜೆ ನಾಲ್ಕಕ್ಕೆ ಹಿತ್ತಲಿನಿಂದ ಗಾಳಿ ಒಳಬಂದು ಮೇಲಕ್ಕೆ ಹೋಗತೊಡಗಿತು, ಬೋರ್ಡಿನ ಮೇಲೆ ನಾನು ಬರೆದಂತೆಯೇ. ಮಾವನವರು ಅಂಗಿ ಗುಂಡಿ ಬಿಚ್ಚಿ ಹಾಯಾಗಿ ಕಾಲು ಚಾಚಿದರು. ನಾನು ಗೌಂಡಿಯನ್ನೂ ಆಳನ್ನೂ ಕರೆದು ಮಂಚ ಎತ್ತಲು ಹೇಳಿದೆ.

"ಪಡಸಾಲಿ ಮಣ್ಣು ಇನ್ನೂ ಹಸಿ ಐತೆಲ್ಲವಾ. ಇನ್ನ ನಾಕು ದಿನಾ ಇಲ್ಲೇ ಇರತೇನಿ," ಎಂದರು.

"ಅಡಿಗಿಮನ್ಯಾಗ ಗಂಡಸರಿಗೆ ಏನ್ ಕೆಲಸರಿ, ಮಾವಾರ," ಎಂದೆ.

ಮಂಚ ಹೋಯಿತು. ಅತ್ತೆಯ ಮಣೆಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಕುಳಿತೆ. ದಾರಿಯಲ್ಲಿ ಯಾರೂ ಬರುತ್ತಿರಲಿಲ್ಲ. ಆದರೂ ಬಲ್ಬು ಹಾಕದೆ, ಕಣ್ಣಿಗೆ ಕಾಣುವಷ್ಟು ಹೊತ್ತು ಅವಳ ಪಾಲಿನದನ್ನೂ ಸೇರಿಸಿ ನೋಡಿದೆ.