ದೊಡ್ಡಪ್ಪನ ಸಿಟ್ಟಿಗೆ ಎಳ್ಳು ಬೆಲ್ಲ

ಆಗೆಲ್ಲ ಅಗ್ರಹಾರದ ನಮ್ಮ ಬೀದಿಯಲ್ಲಿ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು, ಹುಡುಗರು ಕ್ರಿಕೆಟ್ ಆಡಿ ಯಾರದಾದರೂ ಕಿಟಕಿ ಒಡೆಯುತ್ತಿದ್ದರು. ಗಾಲ್ಫ್ ಆಡುತ್ತಿದ್ದವಳು ನಾನೊಬ್ಬಳೇ. ತೊಂಬತ್ತರ ದಶಕದ ನಡುವಿನ ಮಾತು, ನನಗೆ ಹನ್ನೆರಡು ವರ್ಷ. ಇದಕ್ಕೆಲ್ಲ ಕಾರಣ ನಮ್ಮ ದೊಡ್ಡಪ್ಪನ ಬಿ.ಪಿ.

ದೊಡ್ಡಪ್ಪನಿಗೆ ಸೀರೆ ಅಂಗಡಿ ಇತ್ತು. ಅಂಗಡಿಯಲ್ಲಿ ಅವರಷ್ಟು ಶಾಂತ ಮನುಷ್ಯ ಇನ್ನೊಬ್ಬರಿಲ್ಲ. ಕಪಾಟಿನ ಸೀರೆಯನ್ನೆಲ್ಲ ಬಿಚ್ಚಿಸಿ "ನಾಳೆ ಬರ್ತೀವಿ" ಎಂದು ಎದ್ದು ಹೋಗುವವರಿಗೂ ನಗುತ್ತಾ ಕೈಮುಗಿಯುತ್ತಿದ್ದರು. ಹಾಗೆ ನಗುತ್ತಾ ನುಂಗಿದ ಸಿಟ್ಟೆಲ್ಲ ಒಳಗೇ ಉಳಿದು ಬಿ.ಪಿ. ಆಗಿದೆ ಎನ್ನುವುದು ದೊಡ್ಡಮ್ಮನ ವಾದ. ಡಾಕ್ಟರು ದಿನಾ ನಡೆಯಿರಿ ಎಂದರು. ಒಬ್ಬ ದೊಡ್ಡ ಗಿರಾಕಿ ಅವರನ್ನು ರೇಸ್‌ಕೋರ್ಸ್ ಒಳಗಿನ ಗಾಲ್ಫ್ ಮೈದಾನಕ್ಕೆ ಸದಸ್ಯರನ್ನಾಗಿ ಮಾಡಿಸಿದರು. ದಾಂಡುಗಳ ಚೀಲ ಹೆಗಲಿಗೇರಿಸಿ ಸ್ಕೂಟರ್ ಹತ್ತಿದರೆ ಎದುರುಮನೆಯವರು, "ಏನ್ ಸ್ವಾಮಿ, ಬೀದಿನಾಯಿ ಓಡ್ಸೋಕೆ ಹೊರಟ್ರಾ?" ಎಂದು ಕೇಳುತ್ತಿದ್ದರು.

ಬಿ.ಪಿ. ಇಳಿಸಲು ಹೋದವರು ಅಲ್ಲಿ ಸಾಕ್ಷಾತ್ ವೀರಭದ್ರನಾದರು. ಚೆಂಡು ಮರಕ್ಕೆ ಬಡಿದರೆ ಮರಕ್ಕೆ ಬೈಗುಳ, ಮರಳಿನ ಗುಂಡಿಗೆ ಬಿದ್ದರೆ ಗುಂಡಿ ತೋಡಿದವನ ವಂಶಕ್ಕೆ ಬೈಗುಳ. ಜೊತೆಯಲ್ಲಿ ಆಡುವವರು ಒಬ್ಬೊಬ್ಬರಾಗಿ ಜಾರಿಕೊಂಡರು. ಕೊನೆಗೆ ಸಿಕ್ಕವಳು ನಾನು.

ನನಗೋ ಆ ಆಟದ ಹುಚ್ಚೇ ಹಿಡಿಯಿತು. ಬೆಳಗಿನ ಒದ್ದೆ ಹುಲ್ಲಿನ ವಾಸನೆ, ಓಟ ಮುಗಿಸಿ ಬುಸುಗುಡುವ ಕುದುರೆಗಳು, ಮಂಜಿನಿಂದ ನಿಧಾನವಾಗಿ ಏಳುವ ಚಾಮುಂಡಿ ಬೆಟ್ಟ. ಚೆಂಡು ಸರಿಯಾಗಿ ತಾಗಿದಾಗ ಕೈಗೆ ಏನೂ ತಾಗಿದಂತೆಯೇ ಇರುತ್ತಿರಲಿಲ್ಲ, ಸುಮ್ಮನೆ ಹಾರಿಹೋಗುತ್ತಿತ್ತು. ನಮ್ಮ ಬೀದಿಯಲ್ಲಿ ಹೆಣ್ಣುಮಗಳು ಅಷ್ಟು ಅಗಲವಾಗಿ ಕೈ ಬೀಸುವ ಜಾಗವೇ ಇರಲಿಲ್ಲ. ಆದರೆ ಸದಸ್ಯರ ಜೊತೆಯಲ್ಲಲ್ಲದೆ ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ದೊಡ್ಡಪ್ಪ ಇದ್ದರೆ ನಾನು, ಇಲ್ಲದಿದ್ದರೆ ಇಲ್ಲ.

ಆ ವರ್ಷ ಸಂಕ್ರಾಂತಿ ಭಾನುವಾರ ಬಂತು. ಅಂದೇ ಜೋಡಿ ಆಟದ ಪಂದ್ಯ. ವಾರದಿಂದ ಮನೆಯೆಲ್ಲ ಹುರಿದ ಕಡಲೆಕಾಯಿಬೀಜ, ಕೊಬ್ಬರಿಯ ಘಮ. ಬೆಲ್ಲ ಹೆಚ್ಚಿ ಹೆಚ್ಚಿ ದೊಡ್ಡಮ್ಮನ ಬೆರಳಲ್ಲಿ ಬೊಬ್ಬೆ ಎದ್ದಿತ್ತು. ಹೊರಡುವಾಗ ನನ್ನ ಕೈಗೆ ಎಳ್ಳು ಬೆಲ್ಲದ ಬಟ್ಟೆಚೀಲ ಕೊಟ್ಟರು.

"ನಿಮ್ಮ ದೊಡ್ಡಪ್ಪನ ಮುಖ ಕೆಂಪಗಾದ ತಕ್ಷಣ ಒಂದು ಹಿಡಿ ಕೊಡು. ಎಳ್ಳು ತಿಂದ ಬಾಯಲ್ಲಿ ಕೆಟ್ಟ ಮಾತಾಡೋಕಾಗಲ್ಲ, ಅವರಮ್ಮ ಹಾಕಿದ ಕಟ್ಟು ಅದು, ಮೀರಲ್ಲ. ಇವತ್ತೂ ಜಗಳ ಮಾಡ್ಕೊಂಡು ಬಂದ್ಬುಟ್ರೆ ಗಾಲ್ಫು ಇವತ್ತಿಗೇ ಕೊನೆ ಕಣೇ, ಡಾಕ್ಟರ್ ಹತ್ರ ಹೇಳಿದೀನಿ."

ಅಂದು ನಮ್ಮೆದುರು ಆಡಿದವರು ರಂಗಸ್ವಾಮಿ ಅಂಕಲ್ ಮತ್ತು ಅವರ ತಮ್ಮ. ದೊಡ್ಡಪ್ಪನನ್ನು ಇನ್ನೂ ಮಾತಾಡಿಸುತ್ತಿದ್ದ ಸದಸ್ಯರೆಂದರೆ ಈ ಅಂಕಲ್ ಒಬ್ಬರೇ. ಜೋಡಿ ಆಟದಲ್ಲಿ ಇಬ್ಬರಿಗೂ ಸೇರಿ ಒಂದೇ ಚೆಂಡು. ಒಂದು ಹೊಡೆತ ದೊಡ್ಡಪ್ಪನದು, ಮುಂದಿನದು ನನ್ನದು. ಅವರು ಪೊದೆಗೆ ಹೊಡೆದರೆ ಪೊದೆಯಿಂದ ನಾನು ತೆಗೆಯಬೇಕು. ನಾನು ಕೆಡಿಸಿದರೆ ಅವರಿಗೆ ಸಿಟ್ಟು. ನಾನು ಚೆನ್ನಾಗಿ ಹೊಡೆದರೆ, ಅದನ್ನು ತಾವು ಕೆಡಿಸುತ್ತೇವೇನೋ ಎಂಬ ಭಯಕ್ಕೆ ಇನ್ನೂ ಸಿಟ್ಟು. ಎತ್ತ ಹೋದರೂ ನನಗೆ ಬಿಡುಗಡೆಯಿರಲಿಲ್ಲ.

"ತಗೊಳ್ಳಿ ದೊಡ್ಡಪ್ಪ."

ಅವರು ಹಲ್ಲು ಕಚ್ಚಿಕೊಂಡೇ ಅಗಿಯುತ್ತಿದ್ದರು. ಬಾಯಿಗೆ ಬಂದ ಬೈಗುಳ ಬೆಲ್ಲದ ಜೊತೆ ಒಳಗೆ ಇಳಿಯುವುದು ಗಂಟಲಲ್ಲಿ ಕಾಣುತ್ತಿತ್ತು. ನಿಜವಾಗಿಯೂ ಕೆಲಸ ಮಾಡಿತು! ಆದರೆ ಸಿಟ್ಟು ಮೈದಾನದಷ್ಟು ಉದ್ದ, ಚೀಲ ಅಂಗೈಯಷ್ಟು. ಬಿಸಿಲೇರುವ ಹೊತ್ತಿಗೆ ಕೊಬ್ಬರಿ ಮುಗಿಯಿತು, ಕಡಲೆ ಮುಗಿಯಿತು, ಬೆಲ್ಲವೂ ಮುಗಿಯಿತು. ಆಟ ಮಾತ್ರ ಸಮಸಮವಾಗಿತ್ತು.

ಕೊನೆಯ ಗುಳಿ. ನಾನು ದೂರದಿಂದ ಹೊಡೆದ ಚೆಂಡು ಉರುಳಿ ಉರುಳಿ ಗುಳಿಯಿಂದ ಮೊಳದಾಚೆ ನಿಂತಿತು. "ಭಲೇ ಮಗಳೇ!" ಎಂದರು ಅಂಕಲ್. ಇನ್ನು ದೊಡ್ಡಪ್ಪ ಮೆಲ್ಲಗೆ ತಳ್ಳಿದರೆ ಸಾಕಿತ್ತು, ಗೆದ್ದಂತೆಯೇ. ತಳ್ಳಿದರು. ಚೆಂಡು ಗುಳಿಯ ಅಂಚು ಸವರಿ ಪಕ್ಕಕ್ಕೆ ಹೋಯಿತು.

"ಹೋಗ್ಲಿ ಬಿಡಿ ಮಹದೇವಪ್ನೋರೇ," ಅಂದರು ಅಂಕಲ್, ಮನಸಾರೆ. "ಬಿದ್ದಂಗೇ ಲೆಕ್ಕ. ಹಬ್ಬದ ದಿನ."

"ಭಿಕ್ಷೆ ಹಾಕ್ತೀರೇನ್ರೀ ನಂಗೆ?"

ಚೀಲ ಕೊಡವಿದೆ. ಬರೀ ಎಳ್ಳು ಉಳಿದಿತ್ತು. ಅದನ್ನೇ ಅಂಗೈಯಲ್ಲಿ ಹಿಡಿದು ಅವರ ಮುಂದೆ ಚಾಚಿದೆ.

"ಇನ್ನೆಷ್ಟು ತಿನ್ನಿಸ್ತೀಯೇ!" ಎಂದು ನನ್ನ ಕೈಗೆ ಬಡಿದುಬಿಟ್ಟರು. ಎಳ್ಳೆಲ್ಲ ಹುಲ್ಲಿನ ಮೇಲೆ ಚೆಲ್ಲಿತು. ಆಮೇಲೆ ಅವರು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ರಂಗಸ್ವಾಮಿ ಅಂಕಲ್ ಎಲ್ಲ ಕೇಳಿಸಿಕೊಂಡು, "ನನಗಂದಿದ್ದು ಇರ್ಲಿ. ಮಗು ಕೈಗೆ ಹೊಡೆದ್ಬುಟ್ರಲ್ರೀ" ಎಂದಷ್ಟೇ ಹೇಳಿ ತಮ್ಮನನ್ನು ಕರೆದುಕೊಂಡು ಹೊರಟುಹೋದರು. ನಾನು ಕೂತು ಎಳ್ಳು ಆರಿಸತೊಡಗಿದೆ. ಹುಲ್ಲಿನಿಂದ ಎಳ್ಳು ಆರಿಸಲಾಗುತ್ತದೆಯೇ? ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಮನೆಯಲ್ಲಿ ದೊಡ್ಡಮ್ಮ ಬಾಯಿ ತೆಗೆಯುವ ಮೊದಲೇ ದೊಡ್ಡಪ್ಪನೇ ಹೇಳಿದರು, "ಇನ್ನು ಹೋಗಲ್ಲ." ಹಾಗೆ ಗಾಲ್ಫಿಗೆ ಎಳ್ಳುನೀರು ಬಿಟ್ಟರು. ದೊಡ್ಡಮ್ಮ ಸಂತೋಷದಿಂದ ನಂಜನಗೂಡಿಗೆ ಹೋಗಿ ಹರಕೆ ತೀರಿಸಿದರು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. "ನಂಗೆ ಆಡ್ಬೇಕು" ಎನ್ನುವ ಬದಲು ಖಾಲಿ ಬಟ್ಟೆಚೀಲ ಮಡಚಿ ದೊಡ್ಡಮ್ಮನ ಕೈಗೆ ಕೊಟ್ಟೆ. ಸಿಟ್ಟು ಅವರದು, ಹೋದದ್ದು ನನ್ನ ಆಟ.

ಮುಂದೆ ರಂಗಸ್ವಾಮಿ ಅಂಕಲ್ ಮಗಳ ಮದುವೆ ಸೀರೆಗೆ ಅಂಗಡಿಗೆ ಬಂದರಂತೆ. ದೊಡ್ಡಪ್ಪ ನಗುತ್ತಾ ಕೈಮುಗಿದರಂತೆ, ಗಿರಾಕಿಗಳಿಗೆ ಮುಗಿಯುವ ಹಾಗೆಯೇ.

ಈಗ ಅಂಗಡಿಯಿಲ್ಲ, ಆ ಬೀದಿಯಲ್ಲಿ ನಾವೂ ಇಲ್ಲ. ರೇಸ್‌ಕೋರ್ಸ್ ಪಕ್ಕ ಹೋಗುವಾಗ ಇವತ್ತಿಗೂ ನನ್ನ ಮಣಿಕಟ್ಟು ತಾನಾಗಿ ತಿರುಗುತ್ತದೆ. ದೊಡ್ಡಪ್ಪನ ಕೊನೆಯ ಸಂಕ್ರಾಂತಿಗೆ ಶ್ರೀರಾಂಪುರದ ಅವರ ಮಗಳ ಮನೆಗೆ ಹೋಗಿದ್ದೆ. ತುಂಬ ಇಳಿದುಹೋಗಿದ್ದರು. ಅಂಗೈಗೆ ಎಳ್ಳು ಹಾಕಿದೆ. ಅದನ್ನೇ ನೋಡುತ್ತಾ ಅಂದರು,

"ನಿನ್ನ ಹೊಡೆತ ಚೆನ್ನಾಗಿತ್ತು ಕಣಮ್ಮ. ನಾನೇ ಕೆಡಿಸ್ಬುಟ್ಟೆ."

ಇಷ್ಟು ವರ್ಷ ಕಾದ ಮಾತು. ಬಂದಾಗ ನನ್ನ ಬಾಯಿಂದ ಹೊರಟಿದ್ದು, "ಹೋಗ್ಲಿ ಬಿಡಿ ದೊಡ್ಡಪ್ಪ."

ಅಂದು ಅಂಕಲ್ ಆಡಿದ ಇದೇ ಮಾತಿಗೆ ಅವರು ಉರಿದುಬಿದ್ದಿದ್ದರು. ಈಗಲೂ ಒಮ್ಮೆ ರೇಗಲಿ ಎಂದು ನಾನು ಕಾದೆ. ಅವರು ತಲೆಯಾಡಿಸಿ, ಎಳ್ಳು ಬಾಯಿಗೆ ಹಾಕಿಕೊಂಡರು.